ಮಸುಕು ಗೆಲಾಕ್ಸಿಯ ವಯಸ್ಸು ಓದುವುದು: ಲ್ಯಾಪ್‌ಟಾಪ್ ಇದ್ದವರಿಗೆ ಏಳು ಹಂತ

ಹಾಸನ, ಚಿಕ್ಕಮಗಳೂರು ಕಡೆಯ ಬಿಎಸ್ಸಿ ವಿದ್ಯಾರ್ಥಿಗಳು, ಮನೆಯಲ್ಲಿ ಸಣ್ಣ ಟೆಲಿಸ್ಕೋಪ್ ಇಟ್ಟುಕೊಂಡ ಹವ್ಯಾಸಿಗಳು ಪದೇ ಪದೇ ಕೇಳುವುದು ಒಂದೇ: ಕಣ್ಣಿಗೆ ಬೀಳದಷ್ಟು ಮಸುಕಾದ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಯಾವಾಗ ಹುಟ್ಟಿದವು ಅಂತ ಹೇಗೆ ಹೇಳುತ್ತಾರೆ, ಅದನ್ನು ನಾವೇ ಮಾಡಿ ನೋಡಬಹುದಾ?

ಮಾಡಬಹುದು. ಟೆಲಿಸ್ಕೋಪ್ ಬೇಡ, ದುಡ್ಡು ಬೇಡ. ಆದರೆ ಎಲ್ಲಿಯವರೆಗೆ ಹೇಳಬಹುದು, ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ಗೊತ್ತಿರಬೇಕು. ಮೊದಲ ಸಲ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

ತೋಟ ನೋಡಿದವರಿಗೆ ಇದರ ತರ್ಕ ಬೇಗ ಹತ್ತುತ್ತದೆ. ಹಳೇ ಕಾಫಿ ತೋಟಕ್ಕೆ ದಾಖಲೆ ಇಲ್ಲದಿದ್ದರೂ ಅನುಭವಸ್ಥರು ಗಿಡದ ಬುಡ ನೋಡಿ, ಇಷ್ಟು ಗಿಡ ಮೊದಲ ಸಲ ನೆಟ್ಟದ್ದು, ಇಷ್ಟು ಆಮೇಲೆ ಸತ್ತ ಜಾಗಕ್ಕೆ ಹಾಕಿದ್ದು ಅಂತ ಹೇಳಿಬಿಡುತ್ತಾರೆ. ಇಲ್ಲೂ ಅಷ್ಟೇ. ಇವತ್ತು ಉಳಿದಿರುವ ನಕ್ಷತ್ರಗಳನ್ನು ಬಣ್ಣ, ಕಾಂತಿ ನೋಡಿ ವಿಂಗಡಿಸಿ ಹಿಂದಿನ ಕಥೆ ಕಟ್ಟುವುದು. ಒಂದೇ ಕಾಲದಲ್ಲಿ, ಒಂದೇ ಬಗೆಯ ಅನಿಲದಿಂದ ಹುಟ್ಟಿದ ಗುಂಪಿಗೆ ‘ನಕ್ಷತ್ರ ಪೀಳಿಗೆ’ ಎನ್ನೋಣ. ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ಟಿದವು ಎಂಬ ಲೆಕ್ಕವೇ ‘ಹುಟ್ಟಿನ ಇತಿಹಾಸ’.

ಬೇಕಾದದ್ದು

4 ಜಿಬಿ ರ್‍ಯಾಮ್ ಇರುವ ಯಾವುದಾದರೂ ಲ್ಯಾಪ್‌ಟಾಪ್, ಅದರಲ್ಲಿ ಜಾವಾ, ಮತ್ತು ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ. ಖಗೋಳ ಪಟ್ಟಿಗಳನ್ನು ತೆರೆಯಲು, ಸೋಸಲು, ನಕ್ಷೆ ಬಿಡಿಸಲು ಇದೊಂದೇ ಸಾಕು. ಮೊಬೈಲ್ ಹಾಟ್‌ಸ್ಪಾಟ್ ಇದ್ದರೂ ನಡೆಯುತ್ತದೆ. ದೊಡ್ಡ ಕಡತವೆಂದರೂ ಕೆಲವು ಹತ್ತು ಎಂಬಿ. ತೋಟದ ಮನೆಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆದ್ದರಿಂದ ಪ್ರತಿ ಹಂತದ ನಂತರ ಪಟ್ಟಿಯನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಸೋಸಿದ ಪಟ್ಟಿಯನ್ನು ಮೂಲ ಪಟ್ಟಿಯ ಮೇಲೆ ಬರೆದುಬಿಟ್ಟರೆ ಮತ್ತೆ ಮೊದಲಿನಿಂದ ಶುರು.

ಇನ್ನೊಂದು ಮಾತು, ಕೇಳುವವರಿದ್ದಾರೆ ಅಂತ: ಹಾಸನದಲ್ಲಿರುವ ಇಸ್ರೋದ ಎಂಸಿಎಫ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ. ಗೆಲಾಕ್ಸಿಗಳ ದತ್ತಾಂಶಕ್ಕೆ ಅಲ್ಲಿ ವಿಚಾರಿಸಿ ಪ್ರಯೋಜನವಿಲ್ಲ.

ಹಂತ 1: ಗೆಲಾಕ್ಸಿ ಆರಿಸಿ

ಮೊದಲ ಪ್ರಯತ್ನಕ್ಕೆ ಸ್ಕಲ್ಪ್ಟರ್ ಕುಬ್ಜ ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. ಸ್ಕಲ್ಪ್ಟರ್ ಅಂದರೆ ಶಿಲ್ಪಿ. ಬೇಲೂರು–ಹಳೇಬೀಡು ಸೀಮೆಯವರಿಗೆ ಹೆಸರು ಹೊರಗಿನದಲ್ಲ. ಅಮೆರಿಕದ ಖಗೋಳಜ್ಞ ಹಾರ್ಲೊ ಶಾಪ್ಲಿ ಇದರ ಶೋಧವನ್ನು 1938ರಲ್ಲಿ ಪ್ರಕಟಿಸಿದರು. ದೂರ ಸುಮಾರು 86 ಕಿಲೋಪಾರ್ಸೆಕ್, ಅಂದರೆ ಹತ್ತಿರಹತ್ತಿರ 2.8 ಲಕ್ಷ ಜ್ಯೋತಿರ್ವರ್ಷ. ಆಕಾಶದಲ್ಲಿ ಇದರ ವಿಳಾಸ: ಆರ್‌ಎ 15.039 ಡಿಗ್ರಿ, ಡೆಕ್ ಮೈನಸ್ 33.709 ಡಿಗ್ರಿ (ಭೂಪಟದ ರೇಖಾಂಶ, ಅಕ್ಷಾಂಶ ಇದ್ದಂತೆ ಆಕಾಶಕ್ಕೆ ಇವೆರಡು). ಹಾಸನದಿಂದ ದಕ್ಷಿಣಕ್ಕೆ ನೋಡಿದರೆ ದಿಗಂತದಿಂದ ಸುಮಾರು 43 ಡಿಗ್ರಿ ಎತ್ತರಕ್ಕೆ ಬರುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ ನೆತ್ತಿರೇಖೆ ದಾಟುತ್ತದೆ. ಒಟ್ಟು ಬೆಳಕು 8.6 ಕಾಂತಿಮಾನ (ಬೆಳಕಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಸುಕು) ಅಂತ ಓದಿ ಆಸೆಪಡಬೇಡಿ. ಆ ಬೆಳಕು ಹುಣ್ಣಿಮೆ ಚಂದ್ರನಿಗಿಂತ ಅಗಲಕ್ಕೆ ಹರಡಿ ತೆಳುವಾಗಿದೆ, ಮುಳ್ಳಯ್ಯನಗಿರಿಯ ಕತ್ತಲಲ್ಲೂ ಸಾಮಾನ್ಯ ಟೆಲಿಸ್ಕೋಪಿಗೆ ಸಿಗುವುದಿಲ್ಲ. ಹೇಗೂ ಕಾಣದ ಗೆಲಾಕ್ಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಿಗೆ ಮಂಜು ಮುಚ್ಚಿರುವಾಗ ಮಾಡಲು ಒಳ್ಳೆಯ ಕೆಲಸ.

ಹಾಸನದ ನೆತ್ತಿಯ ಮೇಲೇ ಹಾದುಹೋಗುವ ಲಿಯೋ–1 ಯಾಕಲ್ಲ ಅಂತ ಕೇಳಬಹುದು. ಮಘಾ ನಕ್ಷತ್ರಕ್ಕೆ ಬರೀ 12 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಪಕ್ಕದಲ್ಲಿದೆ, ನಿಜ. ಆದರೆ ಅದು 250 ಕಿಲೋಪಾರ್ಸೆಕ್ ದೂರ, ಜೊತೆಗೆ ಮಘಾದ ಪ್ರಖರ ಬೆಳಕು. ಕಲಿಯುವವರಿಗೆ ಅಲ್ಲ.

ಹಂತ 2: ದತ್ತಾಂಶ ಇಳಿಸಿ

ವಿಜಿಯರ್ ಎಂಬ ಫ್ರೆಂಚ್ ಜಾಲತಾಣದಲ್ಲಿ, ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಯುರೋಪಿನ ಗಯಾ ಉಪಗ್ರಹದ ಮೂರನೇ ಬಿಡುಗಡೆ, ಅಂದರೆ ಗಯಾ ಡಿಆರ್‌3 ಪಟ್ಟಿಯನ್ನು ತೆರೆಯಿರಿ. ಅಲ್ಲಿ ಅದರ ಸಂಖ್ಯೆ ಐ/355. ಗುರಿಯ ಜಾಗದಲ್ಲಿ ಮೇಲಿನ ವಿಳಾಸ, ತ್ರಿಜ್ಯ 30 ಆರ್ಕ್‌ಮಿನಿಟ್.

ಒತ್ತುವ ಮೊದಲು ಎರಡು ಕಡೆ ನೋಡಿ. ತ್ರಿಜ್ಯ ತಾನಾಗಿ 2 ಆರ್ಕ್‌ಮಿನಿಟ್ ಇರುತ್ತದೆ, ಸಾಲಿನ ಮಿತಿ ತಾನಾಗಿ 50 ಇರುತ್ತದೆ. ಮಿತಿಯನ್ನು ‘ಅನ್‌ಲಿಮಿಟೆಡ್’ ಮಾಡದೆ ಇಳಿಸಿ, 50 ಚುಕ್ಕೆಯ ನಕ್ಷೆ ನೋಡಿ ‘ಗೆಲಾಕ್ಸಿಯೇ ಇಲ್ಲವಲ್ಲ’ ಎಂದು ತಲೆ ಕೆರೆದುಕೊಳ್ಳುವವರು ಕಡಿಮೆಯಿಲ್ಲ. ಕಡತವನ್ನು ಫಿಟ್ಸ್ ಮಾದರಿಯಲ್ಲಿ ಇಳಿಸಿ. ಟಾಪ್‌ಕ್ಯಾಟ್ ಅದನ್ನು ನೇರ ತೆರೆಯುತ್ತದೆ.

ಅದೇ ತ್ರಿಜ್ಯದಲ್ಲಿ ಇನ್ನೊಂದು ಕಡತವನ್ನೂ ಈಗಲೇ ಇಳಿಸಿಕೊಳ್ಳಿ: ಆರ್‌ಎ ಅದೇ, ಡೆಕ್ ಮೈನಸ್ 35.709. ಎರಡು ಡಿಗ್ರಿ ತೆಂಕಣದ ಖಾಲಿ ಆಕಾಶ. ಇದನ್ನು ‘ಹೋಲಿಕೆ ತುಣುಕು’ ಎನ್ನೋಣ. ಇದಿಲ್ಲದೆ ಮುಂದಿನ ಯಾವ ಎಣಿಕೆಗೂ ಬೆಲೆಯಿಲ್ಲ.

ಹಂತ 3: ನಮ್ಮದೇ ಆಕಾಶಗಂಗೆಯ ನಕ್ಷತ್ರಗಳನ್ನು ಜರಡಿ ಹಿಡಿಯಿರಿ

ಇಳಿಸಿದ ಪಟ್ಟಿಯಲ್ಲಿ ಗೆಲಾಕ್ಸಿಯ ನಕ್ಷತ್ರಗಳ ಜೊತೆ ಮುಂದೆ ನಿಂತ ಆಕಾಶಗಂಗೆಯ ನಕ್ಷತ್ರಗಳೂ ಬೆರೆತಿವೆ. ಬೇರ್ಪಡಿಸಲು ಮುಖ್ಯ ಸಾಧನ ‘ಸ್ವಚಲನೆ’, ಅಂದರೆ ಆಕಾಶದ ಮೇಲೆ ನಕ್ಷತ್ರ ವರ್ಷಕ್ಕೆ ಎಷ್ಟು ಜರುಗುತ್ತದೆ ಎನ್ನುವುದು. ಅಳತೆ ಮಿಲಿ ಆರ್ಕ್‌ಸೆಕೆಂಡಿನಲ್ಲಿ (ಡಿಗ್ರಿಯ 36 ಲಕ್ಷದಲ್ಲಿ ಒಂದು ಭಾಗ).

ಪಿಎಂ–ಆರ್‌ಎ ಅಡ್ಡಕ್ಕೆ, ಪಿಎಂ–ಡೆಕ್ ಉದ್ದಕ್ಕೆ ಇಟ್ಟು ನಕ್ಷೆ ಬಿಡಿಸಿ (ಎರಡೂ ಸ್ವಚಲನೆಯ ಕಾಲಂಗಳು). ಚದುರಿದ ಚುಕ್ಕೆಗಳ ನಡುವೆ 0.10, ಮೈನಸ್ 0.16 ಎಂಬಲ್ಲಿ ಒಂದು ದಟ್ಟ ಗಂಟು ಕಾಣುತ್ತದೆ. ಅದೇ ಸ್ಕಲ್ಪ್ಟರ್. ಗೆಲಾಕ್ಸಿಯೊಳಗೆ ನಕ್ಷತ್ರಗಳು ಸೆಕೆಂಡಿಗೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಅತ್ತಿತ್ತ ಓಡಾಡುತ್ತವೆ ನಿಜ, ಆದರೆ 86 ಕಿಲೋಪಾರ್ಸೆಕ್ ದೂರಕ್ಕೆ ಅದು 0.025 ಮಿಲಿ ಆರ್ಕ್‌ಸೆಕೆಂಡ್ ಮಾತ್ರ. ಅಂದರೆ ಗಂಟಿನ ಅಗಲ ಪೂರ್ತಿ ಅಳತೆಯ ದೋಷದ್ದು, ಗೆಲಾಕ್ಸಿಯದಲ್ಲ.

ಇಲ್ಲೇ ದೊಡ್ಡ ತಪ್ಪು ಆಗುವುದು. ಗಂಟಿನ ಸುತ್ತ ಒಂದು ವೃತ್ತ ಎಳೆದು ಒಳಗಿನದಷ್ಟನ್ನೇ ಇಟ್ಟುಕೊಳ್ಳುತ್ತಾರೆ. ಗಯಾದ ಸ್ವಚಲನೆಯ ದೋಷ 17ನೇ ಕಾಂತಿಮಾನಕ್ಕೆ 0.07, 20ಕ್ಕೆ 0.5, 21ಕ್ಕೆ 1.4. (ಕಾಂತಿಮಾನ ಹೆಚ್ಚಿದಷ್ಟೂ ನಕ್ಷತ್ರ ಮಸುಕು, ಮರೆಯಬೇಡಿ.) ಅರ್ಧ ಮಿಲಿ ಆರ್ಕ್‌ಸೆಕೆಂಡಿನ ವೃತ್ತ ಎಳೆದರೆ ಮಸುಕು ಸದಸ್ಯರಲ್ಲಿ ಅರ್ಧಕ್ಕರ್ಧ ಹೊರಗೆ ಹೋಗುತ್ತವೆ, ಪ್ರಕಾಶಮಾನ ಕಡೆ ಬೇಡದವು ಒಳಗೆ ನುಗ್ಗುತ್ತವೆ. ಸರಿಯಾದ ಕ್ರಮ ಹೀಗೆ: ಪ್ರತಿ ನಕ್ಷತ್ರಕ್ಕೂ ಗಂಟಿನ ನಡುವಿನಿಂದ ಇರುವ ಅಂತರವನ್ನು ಆಯಾ ದಿಕ್ಕಿನ ಅದರದೇ ದೋಷದಿಂದ ಭಾಗಿಸಿ, ಎರಡೂ ದಿಕ್ಕಿನ ವರ್ಗಗಳನ್ನು ಕೂಡಿಸಿ, ಮೊತ್ತ 9ಕ್ಕಿಂತ ಕಡಿಮೆ ಇದ್ದವನ್ನು ಉಳಿಸಿ. ಟಾಪ್‌ಕ್ಯಾಟ್‌ನಲ್ಲಿ ಹೊಸ ಉಪಗುಂಪು ಮಾಡಿ ಈ ಸೂತ್ರ ಬರೆದರಾಯಿತು.

ಇನ್ನೆರಡು ಸಣ್ಣ ಜರಡಿ. ‘ರೂವೀ’ ಎಂಬ ಕಾಲಂ 1.4ಕ್ಕಿಂತ ಕಡಿಮೆ ಇರಲಿ. ಅದು ಅಳತೆ ಎಷ್ಟು ನೆಟ್ಟಗೆ ಕೂತಿದೆ ಎಂಬುದರ ಸೂಚಕ. ಪ್ಯಾರಲಾಕ್ಸ್ (ಭೂಮಿ ಸೂರ್ಯನ ಸುತ್ತುವಾಗ ನಕ್ಷತ್ರ ಅತ್ತಿತ್ತ ಜರುಗಿದಂತೆ ಕಾಣುವ ಅಳತೆ, ಹತ್ತಿರವಿದ್ದಷ್ಟೂ ಹೆಚ್ಚು) ತನ್ನ ದೋಷದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಆ ನಕ್ಷತ್ರ ಹತ್ತಿರದ್ದು, ತೆಗೆಯಿರಿ. ಪ್ಯಾರಲಾಕ್ಸ್ ಋಣ ಸಂಖ್ಯೆ ಇದ್ದರೆ ಮಾತ್ರ ತೆಗೆಯಬೇಡಿ. 86 ಕಿಲೋಪಾರ್ಸೆಕ್ ದೂರಕ್ಕೆ ನಿಜವಾದ ಬೆಲೆ 0.012 ಮಿಲಿ ಆರ್ಕ್‌ಸೆಕೆಂಡ್, ದೋಷ ಅದರ ಹತ್ತಾರು ಪಟ್ಟು. ಹಾಗಾಗಿ ಸದಸ್ಯ ನಕ್ಷತ್ರಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಋಣ ಸಂಖ್ಯೆ ಬರುವುದೇ ಸಹಜ. ಪ್ಯಾರಲಾಕ್ಸ್ ತಿರುಗಿಸಿ ದೂರ ಲೆಕ್ಕ ಹಾಕುವ ಸಾಹಸಕ್ಕೂ ಹೋಗಬೇಡಿ.

ಇದೇ ಮೂರೂ ಜರಡಿಯನ್ನು ಹೋಲಿಕೆ ತುಣುಕಿಗೂ ಹಾಕಿ. ಅಲ್ಲಿ ಎಷ್ಟು ಉಳಿಯುತ್ತವೋ, ಹೆಚ್ಚುಕಮ್ಮಿ ಅಷ್ಟೇ ಕಳೆ ನಿಮ್ಮ ಗೆಲಾಕ್ಸಿ ಪಟ್ಟಿಯಲ್ಲೂ ಉಳಿದಿದೆ.

ಹಂತ 4: ಬಣ್ಣ–ಕಾಂತಿ ನಕ್ಷೆ

ಅಡ್ಡಕ್ಕೆ ಬಿಪಿ ಮೈನಸ್ ಆರ್‌ಪಿ (ನೀಲಿ, ಕೆಂಪು ಕಾಂತಿಮಾನಗಳ ವ್ಯತ್ಯಾಸ, ಇದೇ ಬಣ್ಣ), ಉದ್ದಕ್ಕೆ ಜಿ ಕಾಂತಿಮಾನ (ಗಯಾ ಅಳೆದ ಒಟ್ಟು ಬೆಳಕು). ಉದ್ದದ ಅಕ್ಷವನ್ನು ತಲೆಕೆಳಗು ಮಾಡಿ, ಪ್ರಕಾಶಮಾನ ನಕ್ಷತ್ರ ಮೇಲೆ ಬರಲಿ. ವಿಜಿಯರ್ ಕೊಡುವ ಬಣ್ಣದ ಕಾಲಂ ಹೆಸರಿನಲ್ಲೇ ಕಳೆಯುವ ಚಿಹ್ನೆ ಇದೆ. ಸೂತ್ರದಲ್ಲಿ ಅದನ್ನು ಹಾಗೇ ಬರೆದರೆ ಟಾಪ್‌ಕ್ಯಾಟ್ ಅದನ್ನು ವ್ಯವಕಲನ ಅಂದುಕೊಂಡು ದೋಷ ತೋರಿಸುತ್ತದೆ. ಬಿಪಿ, ಆರ್‌ಪಿ ಎರಡು ಕಾಲಂಗಳನ್ನು ನೀವೇ ಕಳೆಯಿರಿ.

ಈಗ ಕಾಣುವುದು: ಮೇಲೆ 16.5ರ ಆಸುಪಾಸಿನಿಂದ ಕೆಳಗಿಳಿಯುತ್ತಾ ಎಡಕ್ಕೆ ಬಾಗುವ ಪಟ್ಟಿ. ಅದು ಕೆಂಪು ದೈತ್ಯರ ಶಾಖೆ, ನಡುಭಾಗದ ಹೈಡ್ರೋಜನ್ ಮುಗಿಸಿ ಊದಿಕೊಂಡ ನಕ್ಷತ್ರಗಳು. 20ರ ಹತ್ತಿರ ಎಡಕ್ಕೆ ಚಾಚಿದ ಇನ್ನೊಂದು ಗುಂಪು ಅಡ್ಡ ಶಾಖೆ, ಒಳಗೆ ಹೀಲಿಯಂ ಉರಿಸುತ್ತಿರುವವು.

ಕೆಂಪು ಶಾಖೆಯ ಕೆಳತುದಿ ಇದ್ದಕ್ಕಿದ್ದಂತೆ ನೀಲಿ ಕಡೆಗೆ ತಿರುಗಿದಂತೆ ಕಂಡರೆ ಹೊಸ ಪೀಳಿಗೆ ಸಿಕ್ಕಿತು ಅಂದುಕೊಳ್ಳಬೇಡಿ. ಬಿಪಿ 20.3 ದಾಟಿದ ಮಸುಕು ಕೆಂಪು ನಕ್ಷತ್ರಗಳಿಗೆ ಗಯಾ ನೀಲಿ ಬೆಳಕನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬಣ್ಣಕ್ಕೆ ಜಿ ಮೈನಸ್ ಆರ್‌ಪಿ ಹಾಕಿ ನೋಡಿ, ಆ ತಿರುವು ಮಾಯವಾಗುತ್ತದೆ.

ಹಂತ 5: ಸಮವಯಸ್ಕ ರೇಖೆ ಹೊಂದಿಸಿ

ಸಮವಯಸ್ಕ ರೇಖೆ ಎಂದರೆ ಒಂದೇ ವಯಸ್ಸಿನ, ಒಂದೇ ಲೋಹಾಂಶದ, ಬೇರೆ ಬೇರೆ ತೂಕದ ನಕ್ಷತ್ರಗಳು ನಕ್ಷೆಯ ಮೇಲೆ ಎಲ್ಲೆಲ್ಲಿ ಕೂರಬೇಕು ಎಂದು ಸಿದ್ಧಾಂತ ಹೇಳುವ ಗೆರೆ. (ಖಗೋಳದವರಿಗೆ ಹೀಲಿಯಂಗಿಂತ ಭಾರದ್ದೆಲ್ಲ ಲೋಹವೇ, ಆಮ್ಲಜನಕ ಕೂಡ.) ಇಟಲಿಯ ಪಡೋವ ತಂಡದ ಪಾರ್ಸೆಕ್ ಮಾದರಿಗಳು ಸಿಎಂಡಿ ಎಂಬ ಜಾಲಪುಟದಲ್ಲಿ ಉಚಿತವಾಗಿ ಸಿಗುತ್ತವೆ. ಬೆಳಕಿನ ವ್ಯವಸ್ಥೆ ಕೇಳುವಲ್ಲಿ ಗಯಾ ಇಡಿಆರ್‌3 ಆರಿಸಿ. ವಯಸ್ಸನ್ನು ಲಾಗ್‌ನಲ್ಲಿ ಕೊಡಬಹುದು: 1,300 ಕೋಟಿ ವರ್ಷಕ್ಕೆ 10.11, 1,000 ಕೋಟಿಗೆ 10.0, 500 ಕೋಟಿಗೆ 9.70. ಲೋಹಾಂಶ ಮೈನಸ್ 1.5 ಇಡಿ (ಇದೂ ಲಾಗ್ ಲೆಕ್ಕ, ಸೂರ್ಯನ ಲೋಹಾಂಶ ಸೊನ್ನೆ ಎಂದಿಟ್ಟು). ಸ್ಕಲ್ಪ್ಟರ್‌ನ ಸರಾಸರಿ ಕಬ್ಬಿಣದಂಶ ಮೈನಸ್ 1.7ರ ಹತ್ತಿರ, ಹಳೆಯ ನಕ್ಷತ್ರಗಳಲ್ಲಿ ಆಮ್ಲಜನಕ, ಮೆಗ್ನೀಷಿಯಂ ಪಾಲು ಕಬ್ಬಿಣಕ್ಕಿಂತ ಹೆಚ್ಚಿರುವುದರಿಂದ 0.2 ಸೇರಿಸಿದ್ದು.

ಬಂದ ಕಾಂತಿಮಾನಗಳು ಗೆಲಾಕ್ಸಿ 10 ಪಾರ್ಸೆಕ್ ದೂರದಲ್ಲಿದ್ದರೆ ಎಂಬ ಲೆಕ್ಕದವು. 86,000 ಪಾರ್ಸೆಕ್‌ನ ಲಾಗ್ ತೆಗೆದು ಐದರಿಂದ ಗುಣಿಸಿ ಐದು ಕಳೆದರೆ 19.67, ಇದು ‘ದೂರಾಂತರ’. ಇದನ್ನು ಕೂಡಿಸಿ. ನಡುವಿನ ಧೂಳು ಬೆಳಕನ್ನು ಸ್ವಲ್ಪ ತಿನ್ನುತ್ತದೆ. ಸ್ಕಲ್ಪ್ಟರ್ ದಿಕ್ಕಿನಲ್ಲಿ ಧೂಳು ತೀರಾ ಕಡಿಮೆ, ಜಿಗೆ 0.05, ಬಣ್ಣಕ್ಕೆ 0.025 ಸೇರಿಸಿದರೆ ಸಾಕು.

ರೇಖೆಯನ್ನು ಗೆರೆಯಾಗಿ ಬಿಡಿಸುವಾಗ ನಕ್ಷೆಗೆ ಅಡ್ಡಡ್ಡ ಉದ್ದ ಗೀಟು ಬಂದರೆ ಗಾಬರಿ ಬೇಡ. ಒಂದು ಹಂತದ ಕೊನೆಯ ಬಿಂದುವಿನಿಂದ ಮುಂದಿನದರ ಮೊದಲ ಬಿಂದುವಿಗೆ ತಂತ್ರಾಂಶ ಗೆರೆ ಎಳೆದಿದೆ ಅಷ್ಟೇ. ಕಡತದ ‘ಲೇಬಲ್’ ಕಾಲಂನಲ್ಲಿ 1 ಮುಖ್ಯ ಶ್ರೇಣಿ (ನಡುಭಾಗದಲ್ಲಿ ಇನ್ನೂ ಹೈಡ್ರೋಜನ್ ಉರಿಸುತ್ತಿರುವವು), 2 ಉಪದೈತ್ಯ, 3 ಕೆಂಪು ದೈತ್ಯ. 3ರವರೆಗೆ ಒಂದು ಗುಂಪು, 4ರಿಂದ 6 ಇನ್ನೊಂದು ಗುಂಪು ಮಾಡಿ, 9 ಬಿಟ್ಟುಬಿಡಿ.

ಈಗ ಪರೀಕ್ಷೆ. 1,300 ಕೋಟಿ ವರ್ಷದ, ಮೈನಸ್ 1.5ರ ರೇಖೆ ಕೆಂಪು ಶಾಖೆಯ ಮೇಲೆ ಚೆನ್ನಾಗಿ ಕೂತಿತು. ಖುಷಿಪಟ್ಟು ನಿಲ್ಲಬೇಡಿ. ವಯಸ್ಸನ್ನು 500 ಕೋಟಿಗೆ ಇಳಿಸಿ, ಲೋಹಾಂಶವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಿ. ಅದೂ ಅಷ್ಟೇ ಚೆನ್ನಾಗಿ ಕೂರುತ್ತದೆ! ವಯಸ್ಸು ಕಡಿಮೆಯಾದರೆ ಶಾಖೆ ನೀಲಿ ಕಡೆ ಸರಿಯುತ್ತದೆ, ಲೋಹ ಹೆಚ್ಚಾದರೆ ಕೆಂಪು ಕಡೆ. ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಕೆಂಪು ದೈತ್ಯ ಶಾಖೆ ಒಂದನ್ನೇ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಕಾಲೇಜು ಪ್ರಾಜೆಕ್ಟುಗಳಲ್ಲಿ ಕಾಣುವ ‘ಗಯಾದಿಂದ ವಯಸ್ಸು 1,270 ಕೋಟಿ ವರ್ಷ’ ಎಂಬಂಥ ಸಾಲುಗಳು ಇಲ್ಲೇ ಬಿದ್ದುಹೋಗುತ್ತವೆ.

ಹಾಗಾದರೆ ಗಯಾ ಹೇಳುವುದೇನು? ಒಂದು, ಅಡ್ಡ ಶಾಖೆ ಎಡಕ್ಕೆ ಚಾಚಿದೆ, ಅದರ ನಡುವೆ ಆರ್‌ಆರ್ ಲೈರೆ ಎಂಬ ಮಿಡಿಯುವ ನಕ್ಷತ್ರಗಳಿವೆ. ಸ್ಕಲ್ಪ್ಟರ್‌ನಲ್ಲಿ ಅಂಥವು 500ಕ್ಕೂ ಹೆಚ್ಚು ಸಿಕ್ಕಿವೆ. ಇವು ಸುಮಾರು 1,000 ಕೋಟಿ ವರ್ಷಕ್ಕಿಂತ ಹಳೆಯ ಪೀಳಿಗೆಯ ಗುರುತು. ಎರಡು, ಅಡ್ಡ ಶಾಖೆಗಿಂತ ಮೇಲೆ ನೀಲಿ ಮುಖ್ಯ ಶ್ರೇಣಿ ಇಲ್ಲ, ಆದ್ದರಿಂದ ಈಚಿನ ಕೆಲವು ನೂರು ದಶಲಕ್ಷ ವರ್ಷಗಳಲ್ಲಿ ಹೇಳಿಕೊಳ್ಳುವಷ್ಟು ನಕ್ಷತ್ರ ಹುಟ್ಟಿಲ್ಲ. ನಡುವಿನ ಕಾಲದ ಬಗ್ಗೆ ಗಯಾ ಮೌನ.

ಹಂತ 6: ತಿರುವು ಬಿಂದುವಿಗೆ ಇಳಿಯಿರಿ

ವಯಸ್ಸು ಬರೆದಿರುವುದು ತಿರುವು ಬಿಂದುವಿನಲ್ಲಿ, ಅಂದರೆ ನಕ್ಷತ್ರಗಳು ಮುಖ್ಯ ಶ್ರೇಣಿ ಬಿಟ್ಟು ದೈತ್ಯರಾಗಲು ಹೊರಳುವ ಜಾಗದಲ್ಲಿ. ಪೀಳಿಗೆ ಹಳತಾದಷ್ಟೂ ಅದು ಕೆಳಗೆ ಜಾರುತ್ತದೆ. ಸ್ಕಲ್ಪ್ಟರ್‌ನ ಹಳೆಯ ಪೀಳಿಗೆಗೆ ಇದು 23.7ರ ಆಚೆಗಿದೆ, ಗಯಾದ ನೋಟ 21ಕ್ಕೇ ಮುಗಿಯುತ್ತದೆ.

ಅದೃಷ್ಟಕ್ಕೆ, ಚಿಲಿಯ 4 ಮೀಟರ್ ದೂರದರ್ಶಕದಿಂದ ಮಾಡಿದ ಡಾರ್ಕ್ ಎನರ್ಜಿ ಸರ್ವೆಯ ಪ್ರದೇಶದೊಳಗೆ ಸ್ಕಲ್ಪ್ಟರ್ ಬರುತ್ತದೆ. ಅದರ ಎರಡನೇ ಬಿಡುಗಡೆ ವಿಜಿಯರ್‌ನಲ್ಲಿ 2/371, ರೋಮನ್ ಅಂಕಿಯಲ್ಲಿ. ಅದೇ ಎರಡು ವಿಳಾಸ, ಅದೇ ತ್ರಿಜ್ಯ. ಸಾಲುಗಳು ಒಂದು ಲಕ್ಷದ ಆಸುಪಾಸು ಇರುತ್ತವೆ, ರಾತ್ರಿ ಇಳಿಸಿದರೆ ಒಳ್ಳೆಯದು.

ನಡುವಿನ 10 ಆರ್ಕ್‌ಮಿನಿಟ್ ವೃತ್ತವನ್ನು ಬಿಟ್ಟುಬಿಡಿ. ಅಲ್ಲಿ ನಕ್ಷತ್ರಗಳು ಒತ್ತಾಗಿವೆ, ಪಕ್ಕಪಕ್ಕದ ಎರಡನ್ನು ಪಟ್ಟಿ ಒಂದೇ ಎಂದು ಎಣಿಸಿರುತ್ತದೆ. 10ರಿಂದ 30 ಆರ್ಕ್‌ಮಿನಿಟ್ ಉಂಗುರ ಸಾಕು. ‘ಎಕ್ಸ್‌ಟೆಂಡೆಡ್ ಕ್ಲಾಸ್’ ಎಂಬ ಕಾಲಂನಲ್ಲಿ 0 ಮತ್ತು 1 ನಕ್ಷತ್ರ, 2 ಮತ್ತು 3 ದೂರದ ಗೆಲಾಕ್ಸಿ, ಮೊದಲೆರಡನ್ನು ಇಟ್ಟುಕೊಳ್ಳಿ. 23 ದಾಟಿದ ಮೇಲೆ ಈ ವಿಂಗಡಣೆಯೂ ನಂಬಿಕೆಗೆ ಅರ್ಹವಲ್ಲ, ಚುಕ್ಕೆಯಂತೆ ಕಾಣುವ ಪುಟ್ಟ ಗೆಲಾಕ್ಸಿಗಳು ನುಸುಳುತ್ತವೆ. ಅದಕ್ಕೇ ಹೋಲಿಕೆ ತುಣುಕು.

ಪಾರ್ಸೆಕ್ ಪುಟದಲ್ಲಿ ಈ ಸಲ ಡಿಇಕ್ಯಾಮ್ (ಆ ಸರ್ವೆಯ ಕ್ಯಾಮೆರಾ) ವ್ಯವಸ್ಥೆ ಆರಿಸಿ, 1,300, 1,000, 500 ಕೋಟಿಯ ಮೂರು ರೇಖೆ ತನ್ನಿ. ನಕ್ಷೆಯಲ್ಲಿ ಅಡ್ಡಕ್ಕೆ ಜಿ ಮೈನಸ್ ಆರ್, ಉದ್ದಕ್ಕೆ ಜಿ. ಇಲ್ಲಿ ಜಿ ಗಯಾದ್ದಲ್ಲ, ಈ ಸರ್ವೆಯ ಹಸಿರು ಬೆಳಕಿನ ಅಳತೆ, ಆರ್ ಕೆಂಪಿನದು. ಧೂಳಿಗೆ ಜಿಯಲ್ಲಿ 0.06, ಆರ್‌ನಲ್ಲಿ 0.04 ಸೇರಿಸಿ. 500 ಕೋಟಿಯ ರೇಖೆಯ ತಿರುವು 1,300ರದ್ದಕ್ಕಿಂತ ಸುಮಾರು ಒಂದು ಪೂರ್ತಿ ಕಾಂತಿಮಾನ ಮೇಲಿರುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. 1,000ಕ್ಕೂ 1,300ಕ್ಕೂ ಅಂತರ ಬರೀ 0.3. 1,200ಕ್ಕೂ 1,300ಕ್ಕೂ 0.1 ಕೂಡ ಇಲ್ಲ. ದೂರಾಂತರದಲ್ಲಿ 0.1 ತಪ್ಪಿದರೆ ವಯಸ್ಸು ಶೇಕಡಾ 9ರಷ್ಟು, ಅಂದರೆ ನೂರು ಕೋಟಿ ವರ್ಷಕ್ಕೂ ಹೆಚ್ಚು ಆಚೀಚೆ ಆಗುತ್ತದೆ. ಆದ್ದರಿಂದ ಈ ಹಂತದಲ್ಲಿ ಧೈರ್ಯವಾಗಿ ಬರೆಯಬಹುದಾದದ್ದು: ‘ಹೆಚ್ಚಿನ ನಕ್ಷತ್ರಗಳು 1,000 ಕೋಟಿ ವರ್ಷಕ್ಕಿಂತ ಹಳೆಯವು’. ಅದಕ್ಕಿಂತ ಸೂಕ್ಷ್ಮ ಅಂಕಿ ಬೇಡ.

ತಿರುವಿನ ಮೇಲೆ ಎಡಕ್ಕೆ ಒಂದಷ್ಟು ನೀಲಿ ಚುಕ್ಕೆಗಳು ಸಿಗುತ್ತವೆ. ಎಳೆಯ ಪೀಳಿಗೆಯಂತೆ ಕಾಣುವ ಇವನ್ನು ‘ಬ್ಲೂ ಸ್ಟ್ರ್ಯಾಗ್ಲರ್’ ಅನ್ನುತ್ತಾರೆ: ಜೋಡಿ ನಕ್ಷತ್ರದಿಂದ ಅನಿಲ ಹೀರಿಯೋ, ಎರಡು ಸೇರಿ ಒಂದಾಗಿಯೋ ಹೊಸ ಜೀವ ಪಡೆದ ಮುದುಕರು. ಬುಡಕ್ಕೆ ಕಡಿದು ಚಿಗುರಿಸಿದ ಹಳೇ ಕಾಫಿ ಗಿಡದಂತೆ. ಮೇಲೆ ಎಳೆಯ ಚಿಗುರು, ಕೆಳಗೆ ಅಜ್ಜನ ಕಾಲದ ಬೇರು.

ಹಂತ 7: ಗೆರೆಯಿಂದ ಎಣಿಕೆಗೆ

ರೇಖೆ ಹೊಂದಿಸುವುದು ವಯಸ್ಸು ತೋರಿಸುತ್ತದೆ, ಎಷ್ಟು ನಕ್ಷತ್ರ ಎನ್ನುವುದನ್ನಲ್ಲ. ಸಂಶೋಧಕರು ನೂರಾರು ಕೃತಕ ಪೀಳಿಗೆಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ನಕ್ಷೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಎಣಿಕೆ ನಿಜದ ಎಣಿಕೆಗೆ ಹೊಂದುವಂತೆ ಪೀಳಿಗೆಗಳನ್ನು ಬೆರೆಸುತ್ತಾರೆ. ಅದಕ್ಕೂ ಮೊದಲು ಚಿತ್ರದೊಳಗೆ ಸುಳ್ಳು ನಕ್ಷತ್ರ ಬಿತ್ತಿ, ಎಷ್ಟು ವಾಪಸ್ ಸಿಕ್ಕವು ಎಂದು ನೋಡುತ್ತಾರೆ. ಮಸುಕು ಕಡೆ ಕಳೆದುಹೋದ ಪಾಲು ಗೊತ್ತಾಗುವುದು ಹಾಗೆ. ಹಬಲ್ ಚಿತ್ರಗಳ ಮೇಲೆ ಹೀಗೆ ಮಾಡಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೂಟಿಸ್–1, ಹರ್ಕ್ಯುಲಿಸ್ ಸೇರಿ ಆರು ಅತಿ ಮಸುಕು ಗೆಲಾಕ್ಸಿಗಳಲ್ಲಿ ಶೇಕಡಾ 80ರಷ್ಟು ನಕ್ಷತ್ರಗಳು 1,280 ಕೋಟಿ ವರ್ಷಗಳ ಹಿಂದೆಯೇ ಹುಟ್ಟಿ ಮುಗಿದಿದ್ದವು ಎಂಬುದಕ್ಕೆ ಹೊಂದುವ ಫಲಿತಾಂಶ ಕೊಟ್ಟಿತು. ಅಂಥ ನಿಖರತೆಗೂ ಸಣ್ಣ ವಿವಾದಗಳು ತಪ್ಪಿದ್ದಲ್ಲ: ಸ್ಕಲ್ಪ್ಟರ್‌ನಲ್ಲೇ ಹುಟ್ಟು 1,400ರಿಂದ 700 ಕೋಟಿ ವರ್ಷಗಳ ಹಿಂದಿನವರೆಗೆ ನಿಧಾನ ನಡೆಯಿತು ಎಂದು 2012ರ ಲೆಕ್ಕ, ಆರಂಭದ ಒಂದೆರಡು ನೂರು ಕೋಟಿ ವರ್ಷಗಳಲ್ಲೇ ಬಹುಪಾಲು ಮುಗಿಯಿತು ಎಂದು 2019ರ ಲೆಕ್ಕ.

ಮನೆಯಲ್ಲಿ ಮಾಡಬಹುದಾದ ಸರಳ ರೂಪ ಎರಡು ಪೆಟ್ಟಿಗೆ. ಮೊದಲನೆಯದು ಹಳೆಯ ತಿರುವಿನ ಸುತ್ತ, ಜಿ 23.2ರಿಂದ 23.9, ಜಿ ಮೈನಸ್ ಆರ್ 0.15ರಿಂದ 0.40. ಎರಡನೆಯದು ಅದರ ಮೇಲಿನ ನೀಲಿ ಜಾಗ, ಜಿ 21.5ರಿಂದ 23, ಬಣ್ಣ 0.1ಕ್ಕಿಂತ ಕಡಿಮೆ. ಎರಡರಲ್ಲೂ ಎಣಿಸಿ, ಹೋಲಿಕೆ ತುಣುಕಿನ ಎಣಿಕೆ ಕಳೆಯಿರಿ. ನಿಮ್ಮ ಉಂಗುರದ ವಿಸ್ತೀರ್ಣ ಸುಮಾರು 2,510 ಚದರ ಆರ್ಕ್‌ಮಿನಿಟ್, ಹೋಲಿಕೆ ವೃತ್ತದ್ದು 2,830. ಆದ್ದರಿಂದ ಕಳೆಯುವ ಮೊದಲು ಹೋಲಿಕೆ ಎಣಿಕೆಯನ್ನು 0.89ರಿಂದ ಗುಣಿಸಿ. ಇದನ್ನು ಮರೆತರೆ ಸಣ್ಣ ಪೆಟ್ಟಿಗೆಯ ಉತ್ತರ ಋಣ ಸಂಖ್ಯೆಗೂ ಹೋಗಬಹುದು.

ಎಣಿಕೆಯ ದೋಷ ವರ್ಗಮೂಲದಷ್ಟು. ನೀಲಿ ಪೆಟ್ಟಿಗೆಯಲ್ಲಿ 40 ಸಿಕ್ಕು, ಸರಿದೂಗಿಸಿದ ಹೋಲಿಕೆ 25 ಆದರೆ ಉಳಿಕೆ 15, ದೋಷ ಹೆಚ್ಚುಕಮ್ಮಿ 8. ಆ 15ರ ಮೇಲೆ ಕಥೆ ಕಟ್ಟಬೇಡಿ.

ಪೆಟ್ಟಿಗೆಗಳು ನಿಜಕ್ಕೂ ಏನಾದರೂ ಹೇಳುತ್ತವೆಯೇ ಎಂದು ನೋಡಲು ಇದನ್ನೇ ಫೋರ್ನಾಕ್ಸ್ ಕುಬ್ಜ ಗೆಲಾಕ್ಸಿಗೆ ಮಾಡಿ: ಆರ್‌ಎ 39.997, ಡೆಕ್ ಮೈನಸ್ 34.449, ಅದೂ ಇದೇ ಸರ್ವೆಯೊಳಗೆ. ದೂರಾಂತರ 20.8ರ ಹತ್ತಿರ, ಹಳೆಯ ತಿರುವು ಕೈಗೆ ಸಿಗುವುದಿಲ್ಲ. ಆದರೆ ಅಲ್ಲಿ ಕೆಲವು ನೂರು ದಶಲಕ್ಷ ವರ್ಷ ಹಿಂದಿನವರೆಗೂ ನಕ್ಷತ್ರಗಳು ಹುಟ್ಟಿವೆ. ಸ್ಕಲ್ಪ್ಟರ್‌ನಲ್ಲಿ ಬಹುತೇಕ ಬರಿದಾಗಿದ್ದ ಆ ಎರಡನೇ ಪೆಟ್ಟಿಗೆ ಇಲ್ಲಿ ನೀಲಿ ಚುಕ್ಕೆಗಳಿಂದ ತುಂಬಿಕೊಳ್ಳುತ್ತದೆ, ಮತ್ತು ಅವು ಕೆಳಗಿನಿಂದ ಮೇಲಕ್ಕೆ ಹೋದಂತೆ ವಿರಳವಾಗುತ್ತಾ, ಒಂದು ಮುಖ್ಯ ಶ್ರೇಣಿಯ ಆಕಾರದಲ್ಲೇ ನಿಲ್ಲುತ್ತವೆ.